ಹೊಲದಲ್ಲಿ ಹಳೇ ಚೂರಿ ಕಂಡಿತಾ? ಕೈ ಹಾಕುವ ಮುಂಚೆ ಇದನ್ನು ಓದಿ

ಪ್ರತಿ ವರ್ಷ ಮುಂಗಾರಿನ ಮೊದಲ ಹದ ಮಳೆ ಬಿದ್ದ ಎರಡು ಮೂರು ದಿನಕ್ಕೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರಲು ಶುರುವಾಗುತ್ತವೆ. ಅಂಗೈ ಮೇಲೆ ತುಕ್ಕು ಹಿಡಿದ ಒಂದು ಕಬ್ಬಿಣದ ತುಂಡು. ಕೆಳಗೆ ಪ್ರಶ್ನೆ: "ಸರ, ಇದು ಕೃಷ್ಣದೇವರಾಯನ ಕಾಲದ್ದೇನ್ರಿ? ಎಷ್ಟಕ್ಕ ಹೋಗ್ತದ್ರಿ?" ಕಳಿಸುವವರು ಹೆಚ್ಚಾಗಿ ರಾಯಚೂರು, ಮುದಗಲ್, ಲಿಂಗಸುಗೂರು, ಮುದ್ದೇಬಿಹಾಳ ಕಡೆಯವರು. ಎಲ್ಲರಿಗೂ ಹೇಳಬೇಕಾದ ಮಾತು ಒಂದೇ. ಹಾಗಾಗಿ ಈ ಸಲ ಪೂರ್ತಿ ಬರೆದಿಡುತ್ತಿದ್ದೇನೆ.

ಆ ಕಡೆಯಿಂದಲೇ ಯಾಕೆ ಇಷ್ಟು ಬರುತ್ತವೆ? ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಆ ನೆಲಕ್ಕೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಅಂತ ಹೆಸರು. ಎರಡು ತೊರೆಗಳ ಎಡೆಯ ನಾಡು. ಈಗ ರಾಯಚೂರು ದೋಆಬ್ ಅನ್ನುತ್ತೇವೆ. ಕೆಳಗಡೆ ವಿಜಯನಗರ, ಮೇಲ್ಗಡೆ ಮೊದಲು ಬಹಮನಿ ಸುಲ್ತಾನರು, ಆಮೇಲೆ ವಿಜಯಪುರದ ಆದಿಲ್‌ಶಾಹಿಗಳು. ಎರಡು ಶತಮಾನಕ್ಕೂ ಹೆಚ್ಚು ಕಾಲ ಇದು ಗಡಿನಾಡು. ಮುದಗಲ್ ಮತ್ತು ರಾಯಚೂರು ಕೋಟೆಗಳು ಎಷ್ಟೋ ಸಲ ಕೈ ಬದಲಾಯಿಸಿವೆ. 1520ರಲ್ಲಿ ರಾಯಚೂರಿನ ಕಾಳಗ ನಡೆಯಿತು. 1565ರ ಜನವರಿ 23ರಂದು ರಕ್ಕಸ ತಂಗಡಿ, ಅಂದರೆ ತಾಳಿಕೋಟೆ ಕದನ. ಇಷ್ಟು ಕಾದಾಡಿದ ನೆಲವನ್ನು ರಂಟೆ, ಕುಂಟೆ, ಟ್ರ್ಯಾಕ್ಟರು ವರ್ಷಕ್ಕೆರಡು ಸಲ ಮಗುಚಿ ಹಾಕುತ್ತಿವೆ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಒಳಗಿದ್ದದ್ದು ಮೇಲೆ ಬರುತ್ತದೆ.

ಹಂತಗಳಿಗೆ ಹೋಗುವ ಮುಂಚೆ ಒಂದು ಮಾತು. ಅದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಸುಲಭ. ಚೂರಿಗಿಂತ ಅದು ಬಿದ್ದಿದ್ದ ಜಾಗಕ್ಕೆ ಬೆಲೆ ಜಾಸ್ತಿ.

1565ರ ಕದನವನ್ನೇ ತೆಗೆದುಕೊಳ್ಳಿ. ನಮ್ಮ ಇತಿಹಾಸದ ದಿಕ್ಕು ತಿರುಗಿಸಿದ ಕಾಳಗ ಅದು. ಆದರೆ ಅದು ಸರಿಯಾಗಿ ಎಲ್ಲಿ ನಡೆಯಿತು ಅನ್ನುವುದರ ಬಗ್ಗೆ ಇತಿಹಾಸಕಾರರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಕೃಷ್ಣಾ ಹೊಳೆಯ ಈ ದಂಡೆಯೋ, ಆ ದಂಡೆಯೋ ಅನ್ನುವ ವಾದವೇ ಮುಗಿದಿಲ್ಲ. ಯಾರದೋ ಮನೆಯ ಅಟ್ಟದಲ್ಲಿರುವ ಚೂರಿಯಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಆದರೆ ಇಂಥ ಹೊಲದಲ್ಲಿ ಇಂಥ ಕಡೆ ಒಂದು ಚೂರಿ, ಅದರ ಪಕ್ಕದ ಹೊಲದಲ್ಲಿ ಎರಡು ಬಾಣದ ಮೊನೆ, ಅಲ್ಲಿಂದ ಮುಂದೆ ಸೀಸದ ಗುಂಡುಗಳು ಅಂತ ನಕ್ಷೆಯ ಮೇಲೆ ಗುರುತು ಬೀಳುತ್ತಾ ಹೋದರೆ ನೆಲವೇ ಮಾತಾಡಲು ಶುರು ಮಾಡುತ್ತದೆ.

ಇದು ಬರೀ ಆಸೆಯ ಮಾತಲ್ಲ. ಅಮೆರಿಕದ ಮೊಂಟಾನಾದಲ್ಲಿ ಲಿಟಲ್ ಬಿಗ್‌ಹಾರ್ನ್ ಅನ್ನುವ ರಣಭೂಮಿ ಇದೆ. 1876ರ ಜೂನ್‌ನಲ್ಲಿ ಅಲ್ಲಿನ ಮೂಲನಿವಾಸಿಗಳು ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಸೈನ್ಯವನ್ನು ಸೋಲಿಸಿದ ಗಡಿನಾಡಿನ ಜಾಗ. 1983ರಲ್ಲಿ ಕಾಳ್ಗಿಚ್ಚಿಗೆ ಅಲ್ಲಿನ ಹುಲ್ಲೆಲ್ಲ ಸುಟ್ಟು ನೆಲ ಬಯಲಾಯಿತು. ಮರುವರ್ಷ ಡಗ್ಲಾಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಅನ್ನುವ ಪುರಾತತ್ವಜ್ಞರು ಸ್ವಯಂಸೇವಕರ ಜೊತೆ ಸಾಲಾಗಿ ನಡೆದರು. ಸಿಕ್ಕ ಒಂದೊಂದು ತೋಟೆ, ಗುಂಡು, ಲೋಹದ ತುಂಡಿಗೂ ಬಾವುಟ ನೆಟ್ಟು ಜಾಗ ಗುರುತಿಸಿದರು. ಖಾಲಿ ತೋಟೆಯ ಮೇಲೆ ಬಂದೂಕಿನ ಪಿನ್ ಹೊಡೆದ ಗುರುತು ಹೋಲಿಸಿ, ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹೇಳಲು ಸಾಧ್ಯವಾಯಿತು. ನೂರು ವರ್ಷ ಹೇಳಿಕೊಂಡು ಬಂದ ಕಥೆಯನ್ನು ಹೊಸದಾಗಿ ಪರೀಕ್ಷಿಸುವಂತಾಯಿತು. ಆ ತೋಟೆಗಳನ್ನು ಒಬ್ಬೊಬ್ಬರು ಜೇಬಿಗಿಳಿಸಿಕೊಂಡು ಹೋಗಿದ್ದರೆ ಇದು ಆಗುತ್ತಿರಲಿಲ್ಲ, ಅಲ್ವಾ?

ಏನೇನು ಬೇಕು

ಖರ್ಚಿನದ್ದು ಏನೂ ಇಲ್ಲ. ಫೋನು, ಸ್ಕೇಲು, ಪುಸ್ತಕ, ಪೆನ್ನು, ದಪ್ಪ ಕೈಗವಸು. ಮುಚ್ಚಳ ಗಟ್ಟಿಯಾಗಿ ಕೂರುವ ಒಂದು ಪ್ಲಾಸ್ಟಿಕ್ ಡಬ್ಬಿ. ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣ. ಹೊಸ ಚಪ್ಪಲಿ, ಬ್ಯಾಗಿನ ಡಬ್ಬದಲ್ಲಿ ಬರುತ್ತದಲ್ಲ, ತೇವ ಹೀರುವ ಹರಳುಗಳ ಚಿಕ್ಕ ಪೊಟ್ಟಣ, ಅದೇ. ಫೋನಿಗೆ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ಆ್ಯಪ್ ಅದು.

ಮೆಟಲ್ ಡಿಟೆಕ್ಟರ್ ಬೇಡ. ಗುದ್ದಲಿ, ಹಾರೆಯೂ ಬೇಡ.

ಹಂತ 1: ನಿಂತಿರುವ ನೆಲ ಯಾರದು ಅಂತ ತಿಳಿದುಕೊಳ್ಳಿ

"ಹೋಗಿ ಹುಡುಕಬಹುದಾ?" ಅಂತ ಬಹಳ ಜನ ಕೇಳುತ್ತಾರೆ. ಉತ್ತರ ನೆಲದ ಮೇಲೆ ನಿಂತಿದೆ.

ಕೋಟೆಯ ಒಳಗೆ, ಕಂದಕದಲ್ಲಿ, ನೀಲಿ ಫಲಕ ಹಾಕಿದ ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಒಂದು ಕಲ್ಲನ್ನೂ ಎತ್ತಬೇಡಿ. 1958ರ ಕೇಂದ್ರ ಕಾಯ್ದೆ ಇದೆ. 2010ರ ತಿದ್ದುಪಡಿಯ ನಂತರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ರಾಜ್ಯ ಸರ್ಕಾರ ರಕ್ಷಿಸುವ ಜಾಗಗಳಿಗೆ 1961ರ ಬೇರೆ ಕಾಯ್ದೆ ಇದೆ.

ಖಾಸಗಿ ಹೊಲವಾದರೆ ಮಾಲೀಕರನ್ನು ಕೇಳಿಯೇ ಕಾಲಿಡಿ. ಬಿತ್ತನೆಯಾದ ಹೊಲಕ್ಕೆ ಇಳಿಯಬೇಡಿ. ಸುಮ್ನೆ ಮೇಲ್ಮಣ್ಣು ನೋಡಿಕೊಂಡು ನಡೆಯಬಹುದು, ಅಗೆಯುವ ಹಾಗಿಲ್ಲ. ನಮ್ಮ ಕಡೆ ನಿಧಿಗಳ್ಳರ ಕಾಟ ಎಷ್ಟಿದೆ ಅಂತ ನಿಮಗೆ ಗೊತ್ತೇ ಇದೆ. ಗುಡಿಯ ಬಸವಣ್ಣನನ್ನೂ ಬಿಡದೆ ಕಿತ್ತು ಹಾಕಿದ್ದಾರೆ. ಕತ್ತಲಲ್ಲಿ ಡಿಟೆಕ್ಟರ್ ಹಿಡಿದು ಓಡಾಡುವವರನ್ನು ಊರಿನವರು ಹಿಡಿದು ಪೊಲೀಸರಿಗೆ ಕೊಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ.

ಹೆಚ್ಚಿನ ಸಲ ಇಂಥದ್ದು ಸಿಗುವುದು ಹುಡುಕುವವರಿಗಲ್ಲ. ಹೊಲ ಹರಗುವವರಿಗೆ, ಕೃಷಿ ಹೊಂಡ ತೋಡಿಸುವವರಿಗೆ, ಮನೆಗೆ ಪಾಯ ತೆಗೆಸುವವರಿಗೆ. ಈ ಲೇಖನ ಮುಖ್ಯವಾಗಿ ಅವರಿಗೇ.

ಹಂತ 2: ಎತ್ತಬೇಡಿ, ಮೊದಲು ಫೋಟೋ

ಎಲ್ಲರೂ ಎಡವುವುದು ಇಲ್ಲಿಯೇ. ಕಣ್ಣಿಗೆ ಬಿದ್ದ ಕ್ಷಣ ಕೈ ಮುಂದೆ ಹೋಗುತ್ತದೆ. ಐದು ನಿಮಿಷ ತಡೆದುಕೊಳ್ಳಿ.

ಚೂರಿ ಬಿದ್ದಿರುವ ಹಾಗೆಯೇ ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇರಲಿ. ಸ್ಕೇಲ್ ಇಲ್ಲದಿದ್ದರೆ 10 ರೂಪಾಯಿ ನಾಣ್ಯ ಇಡಿ, ಅದರ ಅಡ್ಡಳತೆ 27 ಮಿಲಿಮೀಟರ್. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಬದು, ಬೇವಿನ ಮರ, ಬೋರ್‌ವೆಲ್, ದೂರದ ಗುಡ್ಡ ಏನಾದರೂ ಕಾಣುವ ಹಾಗೆ ಇನ್ನೊಂದು. ಚೂರಿಯ ಮೊನೆ ಯಾವ ದಿಕ್ಕಿಗಿದೆ ಅಂತ ಬರೆದುಕೊಳ್ಳಿ.

ಫೋನಿನ ಮ್ಯಾಪಿನಲ್ಲಿ ನಿಂತ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಅಂಕಿ ಬರುತ್ತವೆ, ಅಕ್ಷಾಂಶ ಮತ್ತು ರೇಖಾಂಶ. ಎರಡನ್ನೂ ಬಿಂದುವಿನ ಮುಂದೆ ಐದು ಸ್ಥಾನದವರೆಗೆ ಪುಸ್ತಕದಲ್ಲಿ ಬರೆಯಿರಿ. ಫೋನ್ ಕೆಲವು ಮೀಟರ್ ಆಚೀಚೆ ತೋರಿಸಬಹುದು. ಹಾಗಾಗಿ ಹತ್ತಿರದ ಎರಡು ಕದಲದ ಗುರುತುಗಳಿಂದ ಹೆಜ್ಜೆ ಎಣಿಸಿ ಅದನ್ನೂ ಬರೆಯಿರಿ: "ಬಾವಿಯ ಮೂಡಣ ಮೂಲೆಯಿಂದ 42 ಹೆಜ್ಜೆ, ಬದುವಿನ ಬನ್ನಿ ಮರದಿಂದ 17 ಹೆಜ್ಜೆ." ದಿಶಾಂಕ್‌ನಲ್ಲಿ ಸರ್ವೆ ನಂಬರ್ ನೋಡಿ ಸೇರಿಸಿ. ತಾರೀಖು, ಎಷ್ಟು ಆಳದಲ್ಲಿತ್ತು, ಮಣ್ಣು ಎರೆಯೋ ಮಸಾರಿಯೋ, ಹಸಿಯೋ ಒಣವೋ, ಇಷ್ಟು ಸಾಕು.

ಸುತ್ತ ಹತ್ತು ಹೆಜ್ಜೆಯಲ್ಲಿ ಇನ್ನೇನಿದೆ ಅಂತ ಬಗ್ಗಿ ನೋಡಿ. ಮಡಕೆ ಚೂರು, ಬೂದಿ, ಇದ್ದಿಲು, ಎಲುಬು, ಬಳೆ ಚೂರು. ಮುಟ್ಟಬೇಡಿ, ಫೋಟೋ ಮಾತ್ರ. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಕೆಂಪು ಬಣ್ಣದ ನುಣುಪಾದ ಮಡಕೆ ಚೂರುಗಳಿದ್ದರೆ ನೀವು ಕದನಕ್ಕಿಂತ ಬಹಳ ಹಿಂದಿನ ಕಾಲಕ್ಕೆ ಹೋಗಿರಬಹುದು. ಈ ಸೀಮೆಯಲ್ಲಿ ಮಸ್ಕಿ, ಹಿರೇಬೆಣಕಲ್‌ನಂಥ ಅಷ್ಟು ಹಳೆಯ ನೆಲೆಗಳಿವೆ. ಬೃಹತ್ ಶಿಲಾಯುಗದ ಜನ, ಅಂದರೆ ದೊಡ್ಡ ದೊಡ್ಡ ಕಲ್ಲಿಟ್ಟು ಗೋರಿ ಮಾಡುತ್ತಿದ್ದ ಕಬ್ಬಿಣ ಕಾಲದವರು, ಸತ್ತವರ ಜೊತೆ ಕಬ್ಬಿಣದ ಚೂರಿ, ಬಾಣದ ಮೊನೆ ಇಡುತ್ತಿದ್ದರು. ಅಂದರೆ ನಿಮ್ಮ ಕಾಲಬುಡದ ಚೂರಿ 450 ವರ್ಷದ್ದೂ ಇರಬಹುದು, 2,000 ವರ್ಷ ದಾಟಿದ್ದೂ ಇರಬಹುದು. ಅದನ್ನು ಹೇಳುವುದು ಪಕ್ಕದ ಮಡಕೆ ಚೂರು. ಚೂರಿ ಒಂದನ್ನೇ ಎತ್ತಿಕೊಂಡು ಬಂದರೆ ಆ ಸಾಕ್ಷಿ ಹೊಲದಲ್ಲೇ ಉಳಿಯಿತು.

ಎರಡು ಎಚ್ಚರಿಕೆ. ಮನುಷ್ಯರ ಎಲುಬು ಕಂಡರೆ ಅಲ್ಲಿಗೇ ನಿಲ್ಲಿಸಿ ಪೊಲೀಸರಿಗೆ ತಿಳಿಸಿ. ಹಳೆಯದೋ ಹೊಸದೋ ಅಂತ ತೀರ್ಮಾನಿಸುವ ಕೆಲಸ ನಿಮ್ಮದಲ್ಲ. ಇನ್ನೊಂದು, ಕಬ್ಬಿಣದ ಗುಂಡು, ಕೊಳವೆ ಥರದ್ದು ಕಂಡರೆ ಮುಟ್ಟಲೇಬೇಡಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಒಂದು ಹಳೇ ಬಾವಿಯಲ್ಲಿ ಟಿಪ್ಪು ಕಾಲದ 1,000ಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತು. ಒಳಗೆ ಮದ್ದು ಉಳಿದಿದೆಯೋ ಇಲ್ಲವೋ ಅಂತ ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ.

ಹಂತ 3: ಎತ್ತಲೇಬೇಕಾದರೆ ಹೀಗೆ ಎತ್ತಿ

ಸಾಧ್ಯವಾದರೆ ಎತ್ತದೆ, ಮೇಲೆ ಒಂದು ಬುಟ್ಟಿ ಬೋರಲು ಹಾಕಿ, ಕಲ್ಲಿಟ್ಟು ಅಧಿಕಾರಿಗಳಿಗೆ ಹೇಳಿ. ಟ್ರ್ಯಾಕ್ಟರ್ ಕಾಯುತ್ತಾ ನಿಂತಿದೆ, ಮಳೆ ಬರುವ ಹಾಗಿದೆ, ಯಾರಾದರೂ ಎತ್ತಿಕೊಂಡು ಹೋಗುವ ಭಯ ಇದೆ ಅಂದರೆ ಮಾತ್ರ ತೆಗೆಯಿರಿ.

ಕೈಗವಸು ಹಾಕಿಕೊಳ್ಳಿ. ಹಿಡಿ ಹಿಡಿದು ಎಳೆಯಬೇಡಿ. ಮಣ್ಣಿನೊಳಗೆ ಕಬ್ಬಿಣ ಗಟ್ಟಿಯಾಗಿ ಕಂಡರೂ ಒಳಗೆ ಬಿಸ್ಕತ್ತಿನ ಹಾಗೆ ಆಗಿರುತ್ತದೆ. ಎಳೆದರೆ ಅಲಗು ಮತ್ತು ಹಿಡಿ ಸೇರುವ ಜಾಗದಲ್ಲೇ ಮುರಿಯುತ್ತದೆ. ಸುತ್ತಲಿನ ಮಣ್ಣನ್ನು ಕೈಯಿಂದ ಸಡಿಲ ಮಾಡಿ, ಕೆಳಗೆ ಒಂದು ರಟ್ಟಿನ ತುಂಡು ತೂರಿಸಿ, ಅಂಟಿದ ಮಣ್ಣಿನ ಸಮೇತ ಎತ್ತಿ. ಮುರಿದು ಬಿದ್ದ ಚೂರುಗಳನ್ನೂ ತೆಗೆದುಕೊಳ್ಳಿ. ಅಂಟಿಸಲು ಹೋಗಬೇಡಿ.

ಕೈ ಕೊಯ್ದುಕೊಂಡರೆ ಅವತ್ತೇ ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ.

ಹಂತ 4: ತೊಳೆಯಬೇಡಿ

ಈ ಹಂತವನ್ನು ಎರಡು ಸಲ ಓದಿ ಅಂತ ಕೈ ಮುಗಿದು ಕೇಳುತ್ತೇನೆ.

ನೀರು ಬೇಡ. ಸೋಪು ಬೇಡ. ಹುಣಸೆಹಣ್ಣು, ನಿಂಬೆಹಣ್ಣು, ವಿನೆಗರ್ ಬೇಡ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಗಾಡಿ ಆಯಿಲ್ ಬೇಡ. ಉಪ್ಪುಕಾಗದ, ತಂತಿ ಬ್ರಷ್, ಸಾಣೆಕಲ್ಲು ದೇವರಾಣೆಗೂ ಬೇಡ.

ಕಾರಣ ಹೇಳುತ್ತೇನೆ. ನೂರಾರು ವರ್ಷ ಮಣ್ಣಿನಲ್ಲಿದ್ದ ಕಬ್ಬಿಣದಲ್ಲಿ ಚೂರಿಯ ನಿಜವಾದ ಆಕಾರ ಉಳಿದಿರುವುದು ತುಕ್ಕಿನ ಪದರದ ಒಳಗೇ. ಹೊರಗಿನ ಗಂಟುಗಂಟು ತುಕ್ಕಿನ ಕೆಳಗೆ, ಹಳೆಯ ಮೈ ಎಲ್ಲಿತ್ತೋ ಅಲ್ಲಿ ಒಂದು ಗಟ್ಟಿ ಪದರ ಇರುತ್ತದೆ. ಒಳಗಿನ ಲೋಹ ಪೂರ್ತಿ ಹೋಗಿದ್ದರೂ ಆ ಪದರ ಆಕಾರ ಹಿಡಿದು ನಿಂತಿರುತ್ತದೆ. ಉಪ್ಪುಕಾಗದ ತಿಕ್ಕಿದಾಗ ಹೋಗುವುದು ಅದೇ. ಉಳಿಯುವುದು ಸವೆದ ಕಬ್ಬಿಣದ ಕಡ್ಡಿ.

ಇನ್ನೂ ಒಂದಿದೆ. ಮರದ ಹಿಡಿ, ಚರ್ಮದ ಒರೆ, ಸುತ್ತಿದ ಬಟ್ಟೆ ಕೊಳೆತು ಹೋಗುವಾಗ ಅವುಗಳ ಅಚ್ಚು ತುಕ್ಕಿನಲ್ಲಿ ಮೂಡಿಬಿಡುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಕೆಲವು ಸಲ ನೇಯ್ಗೆಯ ಹಾಸುಹೊಕ್ಕು ಎಳೆ ಎಳೆಯಾಗಿ ಕಾಣುತ್ತದೆ. ನಾನು ನೋಡಿದ ಒಂದು ಚೂರಿಯಲ್ಲಿ ಅಲಗಿನ ಬುಡದ ಹತ್ತಿರ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಇಂಥ ಅಚ್ಚಿತ್ತು. ಯಾರೋ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡಿದ್ದರು. ಆ ಬಟ್ಟೆ ಮಣ್ಣಾಗಿ ಹೋಗಿದೆ, ನೇಯ್ಗೆ ಉಳಿದಿದೆ. ಇನ್ನೊಂದು ಕಡೆ, ಅದಕ್ಕಿಂತ ಚೆನ್ನಾಗಿದ್ದ ಅಲಗೊಂದನ್ನು ಮನೆಯವರು ಪ್ರೀತಿಯಿಂದಲೇ ಗ್ರೈಂಡರ್ ಹಿಡಿಸಿ ಕನ್ನಡಿ ಹಾಗೆ ಹೊಳೆಸಿಟ್ಟಿದ್ದರು. ಅದರಲ್ಲಿ ಓದಲು ಏನೂ ಉಳಿದಿರಲಿಲ್ಲ. ನನಗೆ ಅವತ್ತು ಊಟ ಸೇರಲಿಲ್ಲ.

ಹೊಳೆಸುವವರಲ್ಲಿ ಕೆಲವರಿಗೆ ಇನ್ನೊಂದು ಆಸೆ ಇರುತ್ತದೆ. ಒಳಗೆ ಉಕ್ಕಿನ ಅಲೆಗಳು ಕಂಡಾವು ಅಂತ. ದಕ್ಷಿಣ ಭಾರತದ ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು ಜಗತ್ತಿಗೆಲ್ಲ ವೂಟ್ಜ್ ಅಂತ ಪರಿಚಯ. ಆ ಹೆಸರು ನಮ್ಮ "ಉಕ್ಕು" ಅನ್ನುವ ಮಾತಿನಿಂದಲೇ ಬಂದದ್ದು ಅನ್ನುವ ಅಭಿಪ್ರಾಯ ಬಲವಾಗಿದೆ. ಆ ಉಕ್ಕಿನ ಮೈಮೇಲೆ ನೀರಿನ ಅಲೆಯಂಥ ಗೆರೆ ಇರುವುದು ನಿಜ. ಆದರೆ ಅದನ್ನು ಹೊರತರುವುದು ಪ್ರಯೋಗಾಲಯದಲ್ಲಿ ಸಂರಕ್ಷಣೆಯ ತಜ್ಞರು ಮಾಡುವ ಕೆಲಸ. ಮನೆಯ ಹಿತ್ತಲಲ್ಲಿ ಆಗುವಂಥದ್ದಲ್ಲ.

ಹಾಗಾದರೆ ಏನು ಮಾಡಬೇಕು? ಒಣ ಮಣ್ಣಿನಲ್ಲಿ ಸಿಕ್ಕಿದ್ದನ್ನು ಒಣಗಿಯೇ ಇಡಿ. ಡಬ್ಬಿಯ ತಳಕ್ಕೆ ಸಿಲಿಕಾ ಜೆಲ್ ಪೊಟ್ಟಣ, ಅದರ ಮೇಲೆ ಮೆತ್ತನೆಯ ಸ್ಪಂಜು, ಅದರ ಮೇಲೆ ಚೂರಿ. ಹತ್ತಿಯಲ್ಲಿ ಸುತ್ತಬೇಡಿ, ಎಳೆಗಳು ತುಕ್ಕಿಗೆ ಸಿಕ್ಕಿಕೊಳ್ಳುತ್ತವೆ. ಮುಚ್ಚಳ ಬಿಗಿಯಾಗಿ ಮುಚ್ಚಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಅಂತ ಅರ್ಥ, ಬದಲಾಯಿಸಿ. ಬಾವಿ ಅಥವಾ ಹೊಳೆಯ ಕೆಸರಿನಲ್ಲಿ ಸಿಕ್ಕಿದ್ದರೆ ಲೆಕ್ಕ ಬೇರೆ. ಅದನ್ನು ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಅದೇ ಕೆಸರಿನ ಜೊತೆ ಹಸಿಯಾಗಿಯೇ ಡಬ್ಬಿಯಲ್ಲಿಟ್ಟು ಬೇಗ ತಲುಪಿಸಿ.

ಮೇಲೆ ಕಿತ್ತಳೆ ಬಣ್ಣದ ಸಣ್ಣ ಹನಿಗಳು ಬೆವರಿನ ಹಾಗೆ ಕಂಡರೆ ತುಕ್ಕು ಇನ್ನೂ ಜೀವಂತವಾಗಿದೆ, ಒಳಗೆ ಉಪ್ಪಿನಂಶ ಇದೆ ಅಂತ ಗೊತ್ತಾಗುತ್ತದೆ. ಹಿತ್ತಾಳೆ ಹಿಡಿಯ ಮೇಲೆ ತಿಳಿ ಹಸಿರು ಪುಡಿ ಉದುರುವ ಕಿಲುಬು ಬಂದರೂ ಹಾಗೆಯೇ. ಎರಡಕ್ಕೂ ತಡ ಮಾಡಬೇಡಿ.

ಹಂತ 5: ಏನಿರಬಹುದು ಅಂತ ಅಂದಾಜು ಮಾಡಿ

ಇದು ಬರೀ ಅಂದಾಜು. ಕೊನೆಯ ಮಾತು ತಜ್ಞರದು. ಆದರೂ ನೋಡುವುದು ಕಲಿತರೆ ಕಣ್ಣು ಚುರುಕಾಗುತ್ತದೆ.

ಮೊದಲು ನಮ್ಮ ಹೊಲದ ಸಾಮಾನುಗಳನ್ನೇ ಬದಿಗಿಡಿ. ನನಗೆ ಬರುವ ಫೋಟೋಗಳಲ್ಲಿ ಹೆಚ್ಚಿನವು ಇವೇ. ಕುಂಟೆಯ ಕುಡ ಮುರಿದ ತುಂಡು ಕತ್ತಿಯ ಅಲಗಿನ ಹಾಗೆಯೇ ಕಾಣುತ್ತದೆ. ಆದರೆ ಅದು ಉದ್ದಕ್ಕೂ ಒಂದೇ ಅಗಲ, ಮೊನೆಯ ಕಡೆಗೆ ಸಣ್ಣವಾಗುತ್ತಾ ಹೋಗುವುದಿಲ್ಲ. ತುದಿ ಮುರಿದ ಕುಡುಗೋಲು ಡೊಂಕು ಬಾಕುವಿನ ಹಾಗಿರುತ್ತದೆ. ಕುಡುಗೋಲಿಗೆ ಬಾಯಿ, ಅಂದರೆ ಹರಿತವಾದ ಅಂಚು, ಒಳಬದಿಗೆ ಮಾತ್ರ. ಸೇಂದಿ ಇಳಿಸುವವರ ಕತ್ತಿ, ಈಳಿಗೆ ಮಣೆಯ ಅಲಗು, ಕುರಿ ಕೊಯ್ಯುವ ಚೂರಿ, ಇವೆಲ್ಲ ಹಳೆಯವೇ ಇರಬಹುದು, ಆದರೆ ಯುದ್ಧದ್ದಲ್ಲ. ಹಾಗಂತ ಎಸೆಯಬೇಡಿ, ಬರೆದಿಟ್ಟುಕೊಳ್ಳಿ. ದಂಡಿನ ಜೊತೆ ಅಡುಗೆಯವರು, ಹುಲ್ಲು ಕೊಯ್ಯುವವರು, ಕಮ್ಮಾರರು ಎಲ್ಲರೂ ಬರುತ್ತಿದ್ದರು.

ಆಮೇಲೆ ಮೂರು ಕಡೆ ನೋಡಿ. ಅಲಗಿನ ಎರಡೂ ಬದಿಗೆ ಬಾಯಿ ಇದೆಯಾ, ಒಂದೇ ಬದಿಗಾ? ನಡುವೆ ಉದ್ದಕ್ಕೆ ಏರುಗೆರೆ ಇದೆಯಾ? ಹಿಡಿಯೊಳಗೆ ಹೋಗುವ ಬಾಲ ಹೇಗಿದೆ, ಅದರಲ್ಲಿ ಮೊಳೆಯ ತೂತಿದೆಯಾ?

ದಖ್ಖನ್ನಿನ ಗಡಿನಾಡಿನಲ್ಲಿ ಗುರುತಿಸಲು ಸುಲಭವಾದದ್ದು ಕಠಾರಿ. ಅದನ್ನು ಮುಷ್ಟಿಯಲ್ಲಿ ಹಿಡಿದು ಗುದ್ದುವುದು. ಎರಡು ಉದ್ದ ಪಟ್ಟಿ, ನಡುವೆ ಅಡ್ಡಪಟ್ಟಿ, ಏಣಿಯ ಮೆಟ್ಟಿಲಿನ ಹಾಗೆ. ಆ ಅಡ್ಡಪಟ್ಟಿಯೇ ಹಿಡಿ. ಅಗಲವಾದ ಮೂರು ಮೂಲೆಯ ಅಲಗು ಗೆಣ್ಣಿನ ಮುಂದಕ್ಕೆ ಚಾಚಿರುತ್ತದೆ. ಕೆಲವದರ ಮೊನೆ ದಪ್ಪ, ಸರಪಳಿ ಅಂಗಿಯನ್ನು ತೂರಲೆಂದು. ವಿಜಯನಗರದ ಲಾಂಛನದಲ್ಲಿ ವರಾಹ, ಸೂರ್ಯ, ಚಂದ್ರರ ಜೊತೆ ನಿಂತಿರುವುದು ಕಠಾರಿಯೇ. ವಿಜಯನಗರದ ಅರಸ ಸಾಳುವ ನರಸಿಂಹನಿಗೆ "ಕಠಾರಿ ಸಾಳುವ" ಅಂತ ಬಿರುದಿತ್ತು. ದಕ್ಷಿಣದ ಹಳೆಯ ಕಠಾರಿಗಳಲ್ಲಿ ಬೆರಳ ಗೆಣ್ಣನ್ನು ಕಾಯಲು ಎಲೆಯ ಆಕಾರದ ಒಂದು ತಗಡೂ ಇರುತ್ತದೆ. ಹೊಲದಲ್ಲಿ ಪೂರ್ತಿ ಕಠಾರಿ ಸಿಗುವುದು ಅಪರೂಪ. ಪಟ್ಟಿಯ ತುಂಡೋ ಅಲಗಿನ ಮೊನೆಯೋ ಸಿಕ್ಕೀತು. ಅದಕ್ಕೇ ಆಕಾರ ಮನಸ್ಸಿನಲ್ಲಿರಲಿ.

ಚಿಲಾನಂ ಅನ್ನುವುದು ದಖ್ಖನ್ನಿನದೇ ಬಾಕು. ಅಲಗು ಎರಡು ಸಲ ಡೊಂಕಾಗಿ ಹಾವು ಹರಿದ ಹಾಗಿರುತ್ತದೆ. ಹಲವು ಸಲ ಹಿಡಿಯೂ ಅಲಗೂ ಒಂದೇ ಲೋಹದ ತುಂಡಿನಿಂದ ಬಡಿದು ಮಾಡಿದ್ದು. ಬಿಚುವಾ ಅದರ ಚಿಕ್ಕ ತಂಗಿ ಇದ್ದಹಾಗೆ, ಹಿಡಿ ಬಳೆಯ ಥರ ಸುತ್ತಿಕೊಂಡಿರುತ್ತದೆ. ಪೇಷ್‌ಕಬ್ಜ್ ಅನ್ನುವುದಕ್ಕೆ ಒಂದೇ ಬಾಯಿ, ಬೆನ್ನು ಬಹಳ ದಪ್ಪ, ಮೊನೆ ಸೂಜಿಯಂತೆ.

ಅಲಗಿನ ಮೇಲೆ ರೋಮನ್ ಅಕ್ಷರ ಕಂಡ ಕೂಡಲೇ "ಬ್ರಿಟಿಷರದ್ದು" ಅಂದುಬಿಡಬೇಡಿ. ಪೋರ್ಚುಗೀಸರು ಗೋವಾಕ್ಕೆ ಬಂದ ಮೇಲೆ ಯುರೋಪಿನ ಅಲಗುಗಳು ಇಲ್ಲಿಗೆ ಬರುತ್ತಿದ್ದವು. ನಮ್ಮವರು ಅದಕ್ಕೆ ತಮ್ಮ ಹಿಡಿ ಹಾಕಿಸಿಕೊಳ್ಳುತ್ತಿದ್ದರು. ಅಂಥ ಕತ್ತಿಗೆ ಫಿರಂಗಿ ಅಂತಲೇ ಹೆಸರಾಯಿತು, ಈಗ ನಾವು ತೋಪಿಗೆ ಹೇಳುವ ಅದೇ ಮಾತು. ಮುರಿದ ಫಿರಂಗಿ ಅಲಗನ್ನು ಕತ್ತರಿಸಿ ಕಠಾರಿಗೆ ಕೂರಿಸಿದ್ದೂ ಉಂಟು. 1520ರಲ್ಲಿ ರಾಯಚೂರು ಕೋಟೆ ಮುತ್ತಿದಾಗ ಕೃಷ್ಣದೇವರಾಯರ ಕಡೆ ಪೋರ್ಚುಗೀಸ್ ಬಂದೂಕುಗಾರರೇ ಇದ್ದರು.

ಒಂದು ಚಿಕ್ಕ ಅಯಸ್ಕಾಂತವನ್ನು ತಾಗಿಸದೆ ಹತ್ತಿರ ಹಿಡಿದು ನೋಡಬಹುದು. ಜೋರಾಗಿ ಎಳೆದರೆ ಒಳಗೆ ಲೋಹ ಉಳಿದಿದೆ. ಎಳೆಯದಿದ್ದರೆ ಬರೀ ತುಕ್ಕಾಗಿರಬಹುದು, ಅಥವಾ ಬೇರೆ ಲೋಹ. ಇದಕ್ಕಿಂತ ಜಾಸ್ತಿ ಪರೀಕ್ಷೆ ಮನೆಯಲ್ಲಿ ಬೇಡ.

ಆಕಾರಗಳನ್ನು ಕಲಿಯಲು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಆಯುಧಗಳ ವಿಭಾಗಕ್ಕೆ ಒಂದು ದಿನ ಇಡಿ. ಅಷ್ಟು ದೂರ ಆಗದಿದ್ದರೆ ನಿಮ್ಮ ಊರ ಮುಂದಿನ ವೀರಗಲ್ಲಿನ ಹತ್ತಿರ ಹೋಗಿ ಕೂತುಕೊಳ್ಳಿ. ಸಂಜೆಯ ಓರೆ ಬಿಸಿಲಿನಲ್ಲಿ ಕೆತ್ತನೆ ಎದ್ದು ಕಾಣುತ್ತದೆ. ವೀರನ ಕೈಯಲ್ಲಿ ಏನಿದೆ, ಸೊಂಟದಲ್ಲಿ ಏನಿದೆ ಅಂತ ನೋಡಿ.

ಹಂತ 6: ತಿಳಿಸಿ, ಬರವಣಿಗೆಯಲ್ಲಿ

"ಹೇಳಿದರೆ ಹೊಲ ಕಿತ್ತುಕೊಳ್ಳುತ್ತಾರಂತೆ ಹೌದಾ?" ಅಂತ ಬಹಳ ಜನ ಹೆದರಿಕೊಂಡು ಕೇಳುತ್ತಾರೆ. ಒಂದು ಚೂರಿ ಸಿಕ್ಕಿತು ಅಂತ ತಿಳಿಸಿದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ತಿಳಿಸದೆ ಮುಚ್ಚಿಟ್ಟರೆ ಮಾತ್ರ ತೊಂದರೆ. ನೆಲದಲ್ಲಿ ಸಿಗುವ ನಿಧಿಯ ಬಗ್ಗೆ ಕರ್ನಾಟಕದಲ್ಲಿ 1962ರ ಕಾಯ್ದೆ ಇದೆ. ನಿಧಿ ಅಂದರೆ ಚಿನ್ನವೇ ಆಗಬೇಕಿಲ್ಲ. ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು.

ನೇರವಾಗಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಲು ಮುಜುಗರವಾದರೆ ನಿಮ್ಮ ಗ್ರಾಮ ಆಡಳಿತ ಅಧಿಕಾರಿ ಅಥವಾ ತಹಶೀಲ್ದಾರರ ಮೂಲಕ ಹೋಗಿ. ಜೊತೆಗೆ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಒಂದು ಪ್ರತಿ ಕಳಿಸಿ. ಸಂರಕ್ಷಿತ ಸ್ಮಾರಕದ ಹತ್ತಿರವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೂ ಒಂದು.

ಅರ್ಜಿ ಒಂದು ಪುಟ ಸಾಕು. ಏನು ಸಿಕ್ಕಿತು, ಯಾವ ದಿನ, ಯಾವ ಊರು, ಯಾವ ಸರ್ವೆ ನಂಬರ್, ಹೇಗೆ ಸಿಕ್ಕಿತು, ಈಗ ಎಲ್ಲಿದೆ. "ಕೃಷ್ಣದೇವರಾಯರ ಕಾಲದ ಅಮೂಲ್ಯ ಖಡ್ಗ" ಅಂತ ಬರೆಯಬೇಡಿ. "ಸುಮಾರು 23 ಸೆಂಟಿಮೀಟರ್ ಉದ್ದದ, ಎರಡೂ ಬದಿಗೆ ಬಾಯಿ ಇರುವ, ತುಕ್ಕು ಹಿಡಿದ ಕಬ್ಬಿಣದ ಅಲಗು" ಅಂತ ಕಂಡದ್ದನ್ನು ಕಂಡಹಾಗೆ ಬರೆಯಿರಿ. ಫೋಟೋ ಲಗತ್ತಿಸಿ.

ಮಾರುವ ಯೋಚನೆ ಬಿಟ್ಟುಬಿಡಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷಕ್ಕಿಂತ ಹಳೆಯ ಇಂಥ ವಸ್ತು ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. "ಫೋಟೋ ಕಳಿಸಿ, ಅಡ್ವಾನ್ಸ್ ಹಾಕ್ತೀನಿ" ಅನ್ನುವವರ ಬಲೆಗೆ ಬೀಳಬೇಡಿ. ಅಜ್ಜ ಮುತ್ತಜ್ಜರ ಕಾಲದಿಂದ ಮನೆಯ ಜಗಲಿಯಲ್ಲಿಟ್ಟು ಆಯುಧಪೂಜೆ ಮಾಡಿಕೊಂಡು ಬಂದ ಕತ್ತಿಯ ವಿಷಯ ಬೇರೆ. ಅದು ಮಣ್ಣಿನಿಂದ ಎದ್ದು ಬಂದದ್ದಲ್ಲ. ಅದನ್ನು ಮಾರುವ ಮಾತು ಬಂದರೆ ಮಾತ್ರ ಮೊದಲು ಇಲಾಖೆಯನ್ನು ಕೇಳಿ.

ವಾಟ್ಸಾಪ್ ಗುಂಪಿಗೆ ಲೊಕೇಶನ್ ಹಾಕುವುದು ದೊಡ್ಡ ತಪ್ಪು. ಒಂದೇ ರಾತ್ರಿಗೆ ಹೊಲದ ತುಂಬ ಗುಂಡಿ ಬೀಳುತ್ತವೆ. ಫೋಟೋ ಹಂಚಲೇಬೇಕಾದರೆ ಊರಿನ ಹೆಸರು ತೆಗೆದು ಹಂಚಿ.

ಅಮೆರಿಕದಲ್ಲಿರುವ ಕನ್ನಡಿಗರೂ ಕೇಳುತ್ತಾರೆ, ರಜೆಯಲ್ಲಿ ಹಳೇ ರಣಭೂಮಿಗೆ ಹೋದಾಗ ಏನಾದರೂ ಸಿಕ್ಕರೆ ಅಂತ. ಅಲ್ಲಿ 1979ರ ಕೇಂದ್ರ ಕಾಯ್ದೆ ಇದೆ. ಕೇಂದ್ರ ಸರ್ಕಾರದ ಮತ್ತು ಮೂಲನಿವಾಸಿಗಳ ನೆಲದಿಂದ 100 ವರ್ಷ ದಾಟಿದ ಪುರಾತತ್ವ ವಸ್ತುವನ್ನು ಅನುಮತಿ ಇಲ್ಲದೆ ತೆಗೆದರೆ ಅಪರಾಧ. ಫೋಟೋ ತೆಗೆದು ಅಲ್ಲಿನ ರೇಂಜರ್‌ಗೆ ತೋರಿಸಿ.

ಹಂತ 7: ಒಪ್ಪಿಸುವಾಗ ರಸೀದಿ

ವಸ್ತುವನ್ನು ರಸೀದಿ ಇಲ್ಲದೆ ಯಾರಿಗೂ ಕೊಡಬೇಡಿ. ಪಡೆದವರ ಹೆಸರು, ಹುದ್ದೆ, ಸಹಿ, ಕಚೇರಿ ಮೊಹರು, ತಾರೀಖು ಇರುವ ಸ್ವೀಕೃತಿ ಪತ್ರ ಕೇಳಿ. ಅದರಲ್ಲಿ ಅಳತೆಯೂ ಇರಲಿ. ಡಬ್ಬಿ ಒಪ್ಪಿಸುವ ಮುಂಚೆ ಎರಡೂ ಬದಿಯ, ಬೆನ್ನಿನ, ಬಾಲದ ಫೋಟೋ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕೇಳಿದರೆ ತಪ್ಪು ತಿಳಿಯುತ್ತಾರೇನೋ ಅನ್ನುವ ಸಂಕೋಚ ಬೇಡ. ಕೆಲಸ ಗೊತ್ತಿರುವ ಅಧಿಕಾರಿ ತಾವೇ ಬರೆದುಕೊಡುತ್ತಾರೆ.

ಮೂರು ತಿಂಗಳಾದ ಮೇಲೆ ಹೋಗಿ ವಿಚಾರಿಸಿ. ಎಕ್ಸ್‌ರೇ ತೆಗೆಸಿದರಾ, ನೋಂದಣಿ ಸಂಖ್ಯೆ ಬಿತ್ತಾ ಅಂತ ಕೇಳಿ. ನೋಂದಣಿ ಪುಸ್ತಕದಲ್ಲಿ ಸಿಕ್ಕ ಸ್ಥಳದ ಕಾಲಂ ನೋಡಲು ಸಿಕ್ಕರೆ ನೋಡಿ. ಅಲ್ಲಿ ಬರೀ "ರಾಯಚೂರು ಜಿಲ್ಲೆ" ಅಂತ ಇದ್ದರೆ, ನಿಮ್ಮ ಪುಸ್ತಕ ತೆಗೆದು ಊರು, ಸರ್ವೆ ನಂಬರ್, ಬನ್ನಿ ಮರದಿಂದ 17 ಹೆಜ್ಜೆ ಎಲ್ಲವನ್ನೂ ಬರೆಸಿ ಬನ್ನಿ.